ನೆರಳು ಅಳೆದು ಭೂಮಿಯ ಸುತ್ತಳತೆ ಹೇಳಿ

ಎರಡು ಊರು, ಒಳ್ಳೆಯ ಬಿಸಿಲು, ಒಂದು ಟೇಪು, ದೂರದಲ್ಲೊಬ್ಬ ಗೆಳೆಯ. ಭೂಮಿಯನ್ನು ಅಳೆಯಲು ಇಷ್ಟು ಸಾಕು. ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ ಹಿಡಿದದ್ದೂ ಇದೇ ದಾರಿ. ಶಾಲೆಗಳಲ್ಲಿ ಮಕ್ಕಳ ಕೈಲಿ ಇದನ್ನು ಮಾಡಿಸುವುದನ್ನು ನೋಡಿದ್ದೇನೆ. ಉತ್ತರ ಎಲ್ಲೆಲ್ಲಿಗೋ ಹೋಗುತ್ತದೆ. ಲೆಕ್ಕ ಸರಿಯಾಗೇ ಇರುತ್ತದೆ, ನೆರಳು ಅಳೆಯುವುದರಲ್ಲೇ ಎಡವಿರುತ್ತಾರೆ.

ಮೊದಲು ಊರು ಆರಿಸಿ. ಒಂದರ ನೇರ ಉತ್ತರಕ್ಕೆ ಇನ್ನೊಂದು ಇರಬೇಕು. ಬೆಂಗಳೂರು, ಬೀದರ್ ಎರಡೂ 77.5 ಡಿಗ್ರಿ ರೇಖಾಂಶದ ಆಸುಪಾಸಿನಲ್ಲಿವೆ. ಇದಕ್ಕಿಂತ ಒಳ್ಳೆಯ ಜೋಡಿ ರಾಜ್ಯದಲ್ಲಿ ಸಿಗುವುದು ಕಷ್ಟ. ಬೆಂಗಳೂರು–ಮಂಗಳೂರು ಬೇಡವೇ ಬೇಡ.

ದಿನ ಡಿಸೆಂಬರ್ 21 ಅಥವಾ 22. ಆಗ ಸೂರ್ಯನ ದಾರಿ ದಿನದಿಂದ ದಿನಕ್ಕೆ ಬದಲಾಗುವುದು ತೀರಾ ಕಡಿಮೆ. ಬೀದರಿನಲ್ಲಿ ಮೋಡ ಬಂದರೆ ಮರುದಿನ ಅಳೆದರೂ ನಡೆಯುತ್ತದೆ. ಮಾರ್ಚಿನಲ್ಲಿ ಹಾಗೆ ಮಾಡಿದರೆ ಕೆಟ್ಟಿತು.

ಈಗ ನೆರಳು. ಸುಮ್ನೆ ಕೋಲು ನೆಟ್ಟು ಅಳೆಯಬೇಡಿ. ಆಕಾಶದಲ್ಲಿ ಸೂರ್ಯ ಅರ್ಧ ಡಿಗ್ರಿ ಅಗಲ ಇದ್ದಾನೆ, ಹಾಗಾಗಿ ಒಂದು ಮೀಟರ್ ಕೋಲಿನ ನೆರಳಿನ ತುದಿ ಒಂದೂವರೆ ಸೆಂ.ಮೀ.ನಷ್ಟು ಮಸುಕಾಗಿರುತ್ತದೆ. ಎಲ್ಲಿಗೆ ಗೆರೆ ಎಳೆಯುವುದು? ಬೆಂಗಳೂರಿನವರು ಒಂದೇ ಒಂದು ಸೆಂ.ಮೀ. ತಪ್ಪಿದರೂ ಉತ್ತರ ಸುಮಾರು 3,000 ಕಿ.ಮೀ. ಏರುಪೇರಾಗುತ್ತದೆ.

ಅದಕ್ಕೇ ತೂತಿನ ರಟ್ಟು. ಅಂಗೈ ಅಗಲದ ದಪ್ಪ ರಟ್ಟಿಗೆ 4 ಮಿ.ಮೀ. ತೂತು ಮಾಡಿ. ಅದನ್ನು ಒಂದು ಕಂಬಕ್ಕೆ, ಪಕ್ಕಕ್ಕೆ ಚಾಚಿಕೊಂಡಿರುವಂತೆ ಅಡ್ಡಡ್ಡ ಕಟ್ಟಿ. ಕೆಳಗೆ ಒಂದು ಹಲಗೆ, ಮೇಲೆ ಬಿಳಿ ಹಾಳೆ. ಹಲಗೆ ಸಮ ಇದೆಯೇ ಎಂದು ರಸಮಟ್ಟ ಇಟ್ಟು ನೋಡಿ, ಉದ್ದಕ್ಕೂ ಅಡ್ಡಕ್ಕೂ. ಮೊಬೈಲ್ ಆ್ಯಪ್ ನಂಬಬೇಡಿ. ಫೋನಿನ ಬೆನ್ನಿಗೆ ಕ್ಯಾಮೆರಾ ಉಬ್ಬಿರುವಾಗ ಅದು ಸಮ ಕೂರುವುದಾದರೂ ಹೇಗೆ? ಹಾಳೆಯಿಂದ ತೂತಿಗೆ ಸರಿಯಾಗಿ 100 ಸೆಂ.ಮೀ. ಎತ್ತರ ಇರಲಿ. ಗಾರೆಯವರ ತೂಕದ ಗುಂಡನ್ನು ತೂತಿನ ನಡುವಿನಿಂದ ಇಳಿಬಿಡಿ. ಗುಂಡಿನ ಅಲುಗಾಟ ಪೂರ್ತಿ ನಿಲ್ಲುವವರೆಗೆ ಕಾಯಿರಿ, ಅದರ ಮೊನೆ ಇರುವಲ್ಲಿ ಚುಕ್ಕೆ ಇಡಿ, ಗುಂಡು ತೆಗೆಯಿರಿ. ಈ ಚುಕ್ಕೆಯೇ ಬುಡ.

ರಟ್ಟಿನ ನೆರಳಿನ ನಡುವೆ ಬೆಳಕಿನ ಪುಟ್ಟ ಬಿಲ್ಲೆ ಬೀಳುತ್ತದೆ. ಅದು ಸೂರ್ಯನದೇ ಬಿಂಬ, ಸ್ವಲ್ಪ ಉದ್ದವಾಗಿ ಕಾಣುತ್ತದೆ. ಅದರ ನಡುವನ್ನು ಚೂಪು ಪೆನ್ಸಿಲಿನಿಂದ ಗುರುತು ಮಾಡಿ. 12 ಗಂಟೆಯಿಂದ 12.35ರವರೆಗೆ ಐದೈದು ನಿಮಿಷಕ್ಕೊಂದು ಗುರುತು ಹಾಕಿ. ನಮ್ಮ ನಡುಮಧ್ಯಾಹ್ನ ಗಡಿಯಾರದ 12ಕ್ಕೆ ಆಗುವುದಿಲ್ಲ, ಆ ದಿನ 12.18ರ ಹೊತ್ತಿಗೆ ಆಗುತ್ತದೆ. ಬುಡಕ್ಕೆ ಎಲ್ಲಕ್ಕಿಂತ ಹತ್ತಿರ ಇರುವ ಗುರುತನ್ನೇ ಅಳೆಯಿರಿ. ಬೆಂಗಳೂರಿನಲ್ಲಿ 73.7 ಸೆಂ.ಮೀ. ಹತ್ತಿರ, ಬೀದರಿನಲ್ಲಿ 88 ಹತ್ತಿರ ಬರಬೇಕು.

ಉಳಿದದ್ದು ಸುಲಭ. ಬುಡದಿಂದ ಆ ಗುರುತಿಗಿರುವ ದೂರವೇ ನೆರಳು. ಅದನ್ನು 100ರಿಂದ ಭಾಗಿಸಿ, ಕ್ಯಾಲ್ಕುಲೇಟರಿನಲ್ಲಿ ಟ್ಯಾನ್ ಇನ್ವರ್ಸ್ ಒತ್ತಿ, ಬಿಸಿಲು ಎಷ್ಟು ಡಿಗ್ರಿ ಓರೆ ಎಂದು ಸಿಗುತ್ತದೆ. 36.4 ಮತ್ತು 41.35 ಡಿಗ್ರಿ ಬಂದರೆ ವ್ಯತ್ಯಾಸ 4.95. ಸೂರ್ಯನ ಕಿರಣ ಎರಡೂ ಊರಿಗೆ ಒಂದೇ ದಿಕ್ಕಿನಿಂದ ಬರುತ್ತದೆ, ಓರೆ ಬೇರೆಯಾಗುವುದು ಭೂಮಿ ಬಾಗಿರುವುದರಿಂದ. ಹಾಗಾಗಿ ಭೂಮಿಯ ಪೂರ್ತಿ ಸುತ್ತಿನ 360 ಡಿಗ್ರಿಯಲ್ಲಿ ಈ ಎರಡು ಊರಿನ ನಡುವಿನ ಪಾಲು ಈ 4.95. ಎರಡೂ ಊರಿನ ನಡುವಿನ ನೇರ ದೂರ ಸುಮಾರು 547 ಕಿ.ಮೀ. ಅದನ್ನು 360ರಿಂದ ಗುಣಿಸಿ 4.95ರಿಂದ ಭಾಗಿಸಿದರೆ ಸುಮಾರು 39,800 ಕಿ.ಮೀ. ಧ್ರುವಗಳ ಮೇಲೆ ಹಾದುಹೋಗುವ ನಿಜವಾದ ಸುತ್ತಳತೆ 40,008. ಬಸ್ಸಿನ ದೂರ ಮಾತ್ರ ಹಾಕಬೇಡಿ, ಭೂಮಿ 50,000 ದಾಟುತ್ತದೆ!

ನಕ್ಷೆಯಿಂದ ದೂರ ತೆಗೆದುಕೊಳ್ಳುವುದು ಅಡ್ಡದಾರಿಯೇ, ಒಪ್ಪೋಣ. ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್‌ಗೆ ಆ ಅನುಕೂಲ ಇರಲಿಲ್ಲ. 1800ರಲ್ಲಿ ಬೆಂಗಳೂರಿನ ಹತ್ತಿರ ಸರಪಳಿ ಹಾಸಿ ಅಳತೆ ಶುರು ಮಾಡಿದ ಅವರು ಮುಂದೆ ತ್ರಿಕೋನದ ಪಕ್ಕ ತ್ರಿಕೋನ ಹೆಣೆಯುತ್ತಾ ಬೀದರ್ ಸೀಮೆಯನ್ನೂ ದಾಟಿದರು. ಅವರಿಗೆ ನಕ್ಷೆಯಷ್ಟೇ ಅಲ್ಲ, ಭೂಮಿಯ ಆಕಾರವೂ ಬೇಕಿತ್ತು. ಭೂಮಿ ಧ್ರುವಗಳಲ್ಲಿ ಚಪ್ಪಟೆ, ಹಾಗಾಗಿ ಒಂದು ಡಿಗ್ರಿಯ ಉದ್ದ ಎಲ್ಲ ಕಡೆ ಒಂದೇ ಇಲ್ಲ. ನಮ್ಮಲ್ಲಿ ಅದು 110.6 ಕಿ.ಮೀ., ಧ್ರುವದ ಬಳಿ 111.7. ನಿಮ್ಮ ನೆರಳು ಎಷ್ಟೇ ಸರಿಯಿದ್ದರೂ ಉತ್ತರ 40,008ಕ್ಕಿಂತ ಚೂರು ಕಡಿಮೆ ಬರುವುದು ಇದಕ್ಕೇ.

ಲೇಹ್‌ನಲ್ಲಿ ಯಾರಾದರೂ ಪರಿಚಯದವರಿದ್ದಾರಾ? ಅದೂ ಇದೇ ರೇಖಾಂಶದಲ್ಲಿದೆ. ಅವರನ್ನು ಸೇರಿಸಿಕೊಂಡರೆ ಕೋನದ ವ್ಯತ್ಯಾಸ 21 ಡಿಗ್ರಿ ದಾಟುತ್ತದೆ, ಬೆಂಗಳೂರಿನ ಒಂದು ಸೆಂ.ಮೀ. ತಪ್ಪಿಗೆ 3,000ದ ಬದಲು 700 ಕಿ.ಮೀ. ಅಷ್ಟೇ ವ್ಯತ್ಯಾಸ. ಅಲ್ಲಿ ನೆರಳು 157 ಸೆಂ.ಮೀ. ಬರುತ್ತದೆ, ಉದ್ದ ಹಲಗೆ ಇಟ್ಟುಕೊಳ್ಳಲು ಮೊದಲೇ ಹೇಳಿಬಿಡಿ.