ಸಹಸ್ರಪದಿಗೆ ಸುಣ್ಣ

ಕೊಡಗಿನ ಸಿದ್ದಾಪುರದ ಬಳಿಯ ನಮ್ಮ ತೋಟದ ಮನೆಯಲ್ಲಿ ಹಳೆಯ ಮೀನಿನ ತೊಟ್ಟಿಯೊಂದಿದೆ. ಈಗ ಅದರಲ್ಲಿ ಮೀನಿಲ್ಲ, ಆರು ಸಹಸ್ರಪದಿಗಳಿವೆ. ಮೊದಲ ವರ್ಷ ದಿನವೂ ಸೌತೆಕಾಯಿಯ ಹೋಳು ಹಾಕಿ, ಚೆನ್ನಾಗಿ ಸಾಕುತ್ತಿದ್ದೇನೆಂದು ಬೀಗುತ್ತಿದ್ದೆ. ಅವು ಮೆಲ್ಲುತ್ತಿದ್ದುದೂ ನಿಜ. ಆದರೆ ಅದು ಬಾಯಿ ಚಪಲಕ್ಕೆ. ಹೊಟ್ಟೆ ತುಂಬುವುದು ತೊಟ್ಟಿಯ ಹಾಸಿನಿಂದ. ಕೊಳೆತ ತರಗೆಲೆ, ಲಡ್ಡು ಹಿಡಿದ ಮರ, ಅದರ ಮೇಲಿನ ಬೂಷ್ಟು.

ಹಲಸು, ಅತ್ತಿಯ ಎಲೆಗಳನ್ನು ಮನೆ ಹಿಂದಿನ ಬಾಣೆಯಿಂದ, ಅಂದರೆ ಮರಗಳಿರುವ ಗುಡ್ಡದ ಜಾಗದಿಂದ, ತರುತ್ತೇನೆ. ಕಾಫಿ ಗಿಡದ ಬುಡದ ದರಗನ್ನು ಮಾತ್ರ ಮುಟ್ಟುವುದಿಲ್ಲ, ಮಳೆಗೆ ಮುಂಚೆ ಶಿಲೀಂಧ್ರ ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ಅಲ್ಲಿ ಬಿದ್ದಿರುತ್ತದೆ. 'ಅದರಲ್ಲಿ ಸುಣ್ಣವಿದೆಯಲ್ಲ, ಒಳ್ಳೆಯದೇ' ಎಂದರು ನೆರೆಯವರು. ಮೈಲುತುತ್ತವೂ ಇದೆಯಲ್ಲ! ಅದರಲ್ಲಿನ ತಾಮ್ರ ಇಂಥ ಜೀವಿಗಳಿಗೆ ವಿಷ.

ಸುಣ್ಣದ ಮಾತು ಸುಳ್ಳಲ್ಲ. ಸಹಸ್ರಪದಿಯ ಕವಚ ಗಟ್ಟಿಯಾಗುವುದು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ. ನಮ್ಮ ಮಣ್ಣೋ ಮಳೆಗೆ ತೊಳೆದು ಹುಳಿಯಾದದ್ದು, ಕಾಫಿಗೇ ಸುಣ್ಣ ಉಣಿಸಬೇಕು. ವೀಳ್ಯದ ಸುಣ್ಣವನ್ನೇ ಕಲಸಲು ಹೊರಟಿದ್ದೆ. 'ನಮ್ಮ ನಾಲಿಗೆಯನ್ನೇ ಸುಡುತ್ತದೆ, ಆ ಹುಳುವಿನ ಗತಿ ಏನು?' ಎಂದು ಅಮ್ಮ ಕೈ ಹಿಡಿದರು.

ಆಮೇಲೆ ಮೊಟ್ಟೆಯ ಚಿಪ್ಪಿಗೆ ಬಂದೆ. ಕುದಿಸಿ, ಒಳಪೊರೆ ಕಿತ್ತು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತೇನೆ. ಜುಲೈನಲ್ಲಿ ಬಿಸಿಲನ್ನು ನಂಬಿದರೆ ಕೆಲಸ ಕೆಟ್ಟಿತು. ಒರಳಿನಲ್ಲಿ ಹಿಟ್ಟಿನಂತೆ ಕುಟ್ಟಿ, ಒಂದು ಬಕೆಟ್ ಹಾಸಿನೊಳಗೆ ಒಂದು ಹಿಡಿ ಬೆರೆಸುತ್ತೇನೆ. ತರಿತರಿಯಾಗಿ ಹಾಕಿದ ಚೂರುಗಳು ತಿಂಗಳಾದರೂ ಹಾಗೆಯೇ ಬಿದ್ದಿದ್ದವು. ಗಿಳಿಯ ಪಂಜರಕ್ಕೆ ಸಿಕ್ಕಿಸುವ ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಸುಣ್ಣದ ಒಳಚಿಪ್ಪು) ತುಂಡೊಂದನ್ನೂ ಮೂಲೆಯಲ್ಲಿಟ್ಟಿದ್ದೇನೆ. ತರಕಾರಿ ಈಗ ವಾರಕ್ಕೊಮ್ಮೆ, ಉಳಿದದ್ದನ್ನು ಮರುದಿನವೇ ತೆಗೆಯುತ್ತೇನೆ, ಇಲ್ಲದಿದ್ದರೆ ನುಸಿ ಮುತ್ತುತ್ತದೆ.

ಇಷ್ಟು ಕಲಿಯುವ ಮುಂಚೆ ಒಂದನ್ನು ಕಳೆದುಕೊಂಡೆ. ವಾರಗಟ್ಟಲೆ ಕಾಣಲಿಲ್ಲವೆಂದು, ಸತ್ತಿರಬೇಕೆಂದುಕೊಂಡು ಅಗೆದೆ. ಮಣ್ಣಿನ ಗೂಡು ಒಡೆಯಿತು. ಒಳಗೆ ಅದು ಬೆಳ್ಳಗೆ, ಬೆಣ್ಣೆಯಷ್ಟು ಮೆತ್ತಗೆ ಸುರುಳಿ ಸುತ್ತಿ ಮಲಗಿತ್ತು, ಪಕ್ಕದಲ್ಲಿ ಕಳಚಿದ ಪೊರೆ. ಕಸವೆಂದು ಪೊರೆಯನ್ನು ಎತ್ತಿ ಎಸೆದೆ. ಆ ಪೊರೆಯನ್ನು ತಾನೇ ತಿಂದು ಅದರ ಕ್ಯಾಲ್ಸಿಯಂ ಮರಳಿ ಪಡೆಯುತ್ತದೆಂದು ಆಗ ನನಗೆ ತಿಳಿದಿರಲಿಲ್ಲ. ಎರಡೇ ದಿನಕ್ಕೆ ಅದು ಸತ್ತಿತು.

ಈ ಮಳೆಗಾಲದಲ್ಲೂ ದೊಡ್ಡದೊಂದು ಮೂರು ವಾರದಿಂದ ಮೇಲೆ ಬಂದಿಲ್ಲ. ಮಗಳು ದಿನಕ್ಕೆ ಎರಡು ಸಲ ಕೇಳುತ್ತಾಳೆ. ನಾನು ಹಾಸಿನ ಒಂದು ಮೂಲೆಗೆ ನೀರು ಚಿಮುಕಿಸಿ ಮುಚ್ಚಳ ಹಾಕುತ್ತೇನೆ.