ಕೈ ಒದ್ದೆ ಇದ್ರೆ ಫೋನ್ ಮುಟ್ಟಲ್ಲ

ಪಿಜಿ, ಅಂದ್ರೆ ಎಂಎ ಎಂಎಸ್ಸಿ ಓದೋರ, ಲೇಡೀಸ್ ಹಾಸ್ಟೆಲ್ ವಾರ್ಡನ್ ಕೆಲಸ ನನ್ನ ತಲೆಗೆ ಕಟ್ಟಿದಾಗ ಡಿಪಾರ್ಟ್‌ಮೆಂಟಲ್ಲಿ ಎಲ್ರೂ ಹೇಳಿದ್ದು ಒಂದೇ. ಮೆಸ್ ಬಿಲ್ ನೋಡ್ಕೊಳಿ, ಗೇಟ್ ಟೈಮ್ ನೋಡ್ಕೊಳಿ, ಈ ಕಾರ್ಯಕ್ರಮ ಗೀರ್ಯಕ್ರಮದ ಉಸಾಬರಿಗೆ ಹೋಗ್ಬೇಡಿ, ಈಗಿನ ಹುಡುಗೀರು ರೂಮ್ ಬಿಟ್ಟು ಹೊರಗೆ ಬರಲ್ಲ ಅಂತ. ಒಬ್ರಂತೂ ಫಿಸಿಕ್ಸ್ ಮೇಡಂಗೆ ಯಾಕ್ರೀ ಸಂಸ್ಕೃತಿ ಅಂತ ಸ್ಟಾಫ್ ರೂಮಲ್ಲೇ ನಕ್ರು. ಮೂರು ವರ್ಷ ಆಯ್ತು. ಈಗ ಅವರೇ ತುರಿ ಮಣೆ ಹಿಡ್ಕೊಂಡು ಹಾಸ್ಟೆಲ್‌ಗೆ ಬರ್ತಾರೆ, ಅದಕ್ಕೇ ಬರೀತಿರೋದು. ಬೇರೆ ವಾರ್ಡನ್‌ಗಳೂ ಕೇಳ್ತಾ ಇರ್ತಾರೆ ಹುಡುಗೀರನ್ನ, ಟೀಚರ್ಸನ್ನ ಫೋನ್ ಬಿಡಿಸಿ ಒಟ್ಟಿಗೆ ಹೆಂಗ್ ಕೂರಿಸಿದ್ರಿ ಅಂತ, ಒಬ್ಬೊಬ್ರಿಗೂ ಫೋನಲ್ಲಿ ಹೇಳಿ ಸಾಕಾಗಿದೆ.

ಮೊದಲ ವರ್ಷ ನಾನೂ ಎಲ್ರ ಥರಾನೇ ಮಾಡ್ದೆ. ಸ್ಟೇಜು, ಮೈಕು, ಬ್ಯಾನರು, ಅತಿಥಿಗೆ ಶಾಲು, ಹಣ್ಣಿನ ಬುಟ್ಟಿ. ಖರ್ಚು 22 ಸಾವಿರದ ಹತ್ರ ಹತ್ರ. ಅತಿಥಿ ಬಂದಿದ್ದು ಒಂದೂವರೆ ಗಂಟೆ ಲೇಟು, ಬಂದವರು ಮಾತಾಡಿದ್ದು ಮುಕ್ಕಾಲು ಗಂಟೆ. ಹಾಸ್ಟೆಲಲ್ಲಿ ಇರೋದು ನೂರಾ ಎಂಬತ್ತು ಜನ, ಕೂತಿದ್ದು ಮೂವತ್ತು ಇರ್ಬೇಕು, ಅದರಲ್ಲೂ ಹಿಂದಿನ ಸಾಲು ಪೂರ್ತಿ ಫೋನಲ್ಲಿ. ಅಟೆಂಡೆನ್ಸ್ ಕಡ್ಡಾಯ ಅಂತ ರಿಜಿಸ್ಟರ್ ಇಟ್ರೆ ಸೈನು ಮಾತ್ರ ನೂರಾ ಅರವತ್ತು! ಒಂದೇ ಪೆನ್ನು, ಒಂದೇ ಕೈಬರಹ.

ಆಮೇಲೆ ಸಿನಿಮಾ ರಾತ್ರಿ ಮಾಡ್ದೆ, ಯಾವ ಭಾಷೆ ಸಿನಿಮಾ ಅಂತ ಜಗಳ ಆಗಿ ಎರಡು ಬ್ಲಾಕು ಒಂದು ವಾರ ಮಾತು ಬಿಟ್ವು. ಅಂತ್ಯಾಕ್ಷರಿ ಮಾಡ್ದೆ, ಬೀದರ್ ಕಡೆಯವರು ಹಿಂದಿ ಹಾಡು, ಮಂಗಳೂರು ಕಡೆಯವರು ತುಳು, ಯಾವ ಅಕ್ಷರಕ್ಕೆ ಯಾವ ಪಾಯಿಂಟು ಅಂತ ನನಗೇ ಗೊತ್ತಾಗದೆ ನಿಲ್ಲಿಸ್ದೆ. ಮನೆಗೆ ಊಟಕ್ಕೆ ಕರೆಯೋಣ ಅಂತ ಎಂಟೆಂಟು ಜನರ ಬ್ಯಾಚ್ ಮಾಡಿ ಗುರುವಾರ ಗುರುವಾರ ಕರೆದೆ. ಏನ್ ಮೇಡಂ, ವಾರಾನ್ನ ಶುರು ಮಾಡಿದೀರಂತೆ ಅಂತ ಡಿಪಾರ್ಟ್‌ಮೆಂಟಲ್ಲಿ ಕಾಲೆಳೆದ್ರು. ನಮ್ಮ ತಾತ ನಿಜವಾಗ್ಲೂ ವಾರಾನ್ನದಲ್ಲೇ ಓದಿದ್ದು, ದಿನಕ್ಕೊಬ್ಬರ ಮನೆಲಿ ಪುಕ್ಕಟೆ ಊಟ, ಆದ್ರೆ ಅದು ಯಾವ ಜಾತಿ ಹುಡುಗರಿಗೆ ಸಿಗ್ತಿತ್ತು ಅನ್ನೋದು ಗೊತ್ತಿರೋ ವಿಷ್ಯಾನೇ. ಮೊದಲ ಬ್ಯಾಚಲ್ಲಿ ಒಬ್ಳು ಬಾಗಿಲಲ್ಲೇ ನಿಂತು ಒಳಗೆ ಬರ್ಬಹುದಾ ಮೇಡಂ ಅಂತ ಎರಡು ಸಲ ಕೇಳಿದ್ಳು. ನಾನು ಚಪ್ಪಲಿ ಬಗ್ಗೆ ಕೇಳ್ತಿದಾಳೆ ಅನ್ಕೊಂಡು ಪರ್ವಾಗಿಲ್ಲ ಹಾಕ್ಕೊಂಡೇ ಬಾ ಅಂದೆ. ಚಪ್ಪಲಿ ಬಗ್ಗೆ ಅಲ್ಲ ಅಂತ ಹೊಳೆದಾಗ ರಾತ್ರಿ ಹನ್ನೊಂದಾಗಿತ್ತು.

ಊಟ ಚೆನ್ನಾಗಿತ್ತು, ಕೂತಿದ್ದು ಮಾತ್ರ ಇಂಟರ್‌ವ್ಯೂ ಥರ. ನಾನೂ ದಡ್ಡಿ, ಲೆಕ್ಚರರ್ ಆಗೋಕೆ ಬರೆಯೋ ನೆಟ್ ಎಕ್ಸಾಮ್ ಯಾವಾಗ ಬರೀತೀಯಾ ಅಂತ ಕೇಳ್ತಾ ಇದ್ದೆ. ನಲವತ್ತು ನಿಮಿಷಕ್ಕೆ ಥ್ಯಾಂಕ್ಯೂ ಮ್ಯಾಮ್ ಅಂತ ಎದ್ದು ಹೋಗೋರು. ಆ ವರ್ಷ ಕೈಯಿಂದ ಹಾಕಿದ್ದು ಹನ್ನೊಂದು ಸಾವಿರ ದಾಟಿತ್ತು, ನಮ್ಮನೆಯವರು ಡೈರಿಲಿ ಬರೆದಿಟ್ಟಿದಾರೆ, ಈಗ್ಲೂ ತೋರಿಸ್ತಾರೆ.

ದಾರಿ ಸಿಕ್ಕಿದ್ದು ಡಿಸೆಂಬರಲ್ಲಿ, ಅವರೆಕಾಯಿಂದ. ಒಂದು ಗುರುವಾರ ಕಾಲೇಜಿಂದ ಬರೋದು ಲೇಟಾಯ್ತು, ನೆನೆಸಿಟ್ಟ ಅವರೆಕಾಳು ಹಿತಕೋಕೆ, ಅಂದ್ರೆ ಒಂದೊಂದೇ ಕಾಳು ಒತ್ತಿ ಸಿಪ್ಪೆ ಬಿಡಿಸೋಕೆ, ಟೈಮಿಲ್ಲ, ಹುಡುಗೀರು ಬಂದೇಬಿಟ್ರು. ನಾಚಿಕೆ ಬಿಟ್ಟು ಬೋಗುಣಿ ಮಧ್ಯಕ್ಕಿಟ್ಟು ಬನ್ರಮ್ಮ ಕೈ ಹಾಕಿ ಅಂದೆ. ಹಿತಕಿದವರಿಗೆ ಗೊತ್ತು, ಎರಡೂ ಕೈ ಬೇಕು, ಕೈಯೆಲ್ಲ ಲೋಳೆ, ಫೋನ್ ಮುಟ್ಟೋ ಹಾಗಿಲ್ಲ. ಕಣ್ಣು ಕಾಳಿನ ಮೇಲಿರುತ್ತೆ, ಯಾರ ಮುಖಾನೂ ನೋಡ್ಬೇಕಿಲ್ಲ, ಹಾಗಾಗಿ ಬಾಯಿ ತಾನಾಗೇ ಬಿಚ್ಚುತ್ತೆ. ವಿಜಯಪುರದ ಕಡೆಯ ಹುಡುಗಿ, ಅಲ್ಲಿ ತನಕ ನನ್ನ ಹತ್ರ ಎರಡು ಮಾತಾಡಿದವಳಲ್ಲ, 'ಇದೇನ್ರಿ ಮೇಡಂ, ಕಾಳಿನ ಚರ್ಮ ಸುಲಿಯೂದು ಯಾರ್ ಕಲಿಸಿದ್ರಿ ನಿಮಗ, ಮಾಡಾಕ ಬ್ಯಾರೆ ಕೆಲಸ ಇಲ್ಲೇನ್ರಿ' ಅಂದ್ಳು, ಎಲ್ರೂ ಬಿದ್ದು ಬಿದ್ದು ನಕ್ರು. ಅವತ್ತು ಹೊರಟಾಗ ಒಂಬತ್ತೂವರೆ, ಗೇಟಿಗೆ ನಾನೇ ಬಿಟ್ಟು ಬರಬೇಕಾಯ್ತು.

ಅಲ್ಲಿಂದ ಅದೇ ನಿಯಮ. ಎರಡೂ ಕೈಗೆ ಕೆಲಸ ಇಲ್ದಿದ್ರೆ ಕಾರ್ಯಕ್ರಮನೇ ಇಲ್ಲ.

ಇದನ್ನೇ ಹಾಸ್ಟೆಲ್ ಡೈನಿಂಗ್ ಹಾಲಲ್ಲಿ ದೊಡ್ಡದಾಗಿ ಮಾಡ್ತೀನಿ ಅಂದಾಗ ಮತ್ತೆ ಶುರುವಾಯ್ತು, ವಾರ್ಡನ್ ಮೆಸ್ಸಲ್ಲಿ ಕೂತು ಊಟ ಮಾಡೋಕೆ ರೂಲ್ ಎಲ್ಲಿದೆ ಅಂತ. ರೂಲ್ ಇದೆ ಸ್ವಾಮಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ರ‍್ಯಾಗಿಂಗ್ ತಡೆ ನಿಯಮಾವಳಿ ತೆಗೆದು ನೋಡಿ, ಅಧ್ಯಾಪಕರು ಆದಷ್ಟೂ ಹಾಸ್ಟೆಲ್ ವಿದ್ಯಾರ್ಥಿಗಳ ಜೊತೆ ಅವರ ಹಾಸ್ಟೆಲಲ್ಲೇ ಊಟ ಮಾಡ್ಬೇಕು, ಹೊಸಬರಿಗೆ ಧೈರ್ಯ ಬರಲಿ ಅಂತ ಬರೆದಿದೆ. ಸೀನಿಯರ್ ಜೂನಿಯರ್ ಸೇರಿ ಅಧ್ಯಾಪಕರ ಎದುರಲ್ಲೇ ಸಾಂಸ್ಕೃತಿಕ ಚಟುವಟಿಕೆ ನಡೆಸಿ ಅಂತಾನೂ ಇದೆ. ನೋಟ್‌ಶೀಟಿಗೆ ಆ ಪೇಜಿನ ಜೆರಾಕ್ಸ್ ಪಿನ್ ಮಾಡಿ ಕಳಿಸಿದ ಮೇಲೆ ಫೈಲು ತಕರಾರು ಹಾಕಿಸ್ಕೊಂಡು ವಾಪಸ್ ಬಂದಿಲ್ಲ.

ದುಡ್ಡಿನ ಕಥೆ ಬೇರೆ. ಇಪ್ಪತ್ತು ಸಾವಿರ ಕೇಳಿದ್ದಕ್ಕೆ ಐದು ಸಾವಿರ ಸ್ಯಾಂಕ್ಷನ್, ಅದೂ ನಾಲ್ಕು ತಿಂಗಳಾದ ಮೇಲೆ, ಅಷ್ಟೊತ್ತಿಗೆ ಅವರೆ ಸೀಸನ್ನೇ ಮುಗಿದಿತ್ತು. ಮೇಲಿಂದ ಆಡಿಟ್ ಆಬ್ಜೆಕ್ಷನ್, ಅವರೆಕಾಯಿಗೆ ಜಿಎಸ್‌ಟಿ ಬಿಲ್ ಎಲ್ಲಿ ಅಂತ. ಹಸಿ ತರಕಾರಿಗೆ ಜಿಎಸ್‌ಟಿನೇ ಇಲ್ಲ ಅಂತ ಎರಡು ಪುಟ ವಿವರಣೆ ಬರೆದೆ. ಆಮೇಲೆ ಆ ದಾರೀನೇ ಬಿಟ್ಟೆ. ನಮ್ಮದು ಡಿವೈಡಿಂಗ್ ಸಿಸ್ಟಮ್ ಮೆಸ್ಸು, ತಿಂಗಳ ಖರ್ಚನ್ನ ಇರೋರೆಲ್ಲ ಹಂಚ್ಕೊಳ್ಳೋದು, ತಿಂಗಳಿಗೊಂದು ಫೀಸ್ಟ್ ಹೆಂಗಿದ್ರೂ ಇರುತ್ತೆ, ತಲೆಗೆ ಐವತ್ತು ಅರವತ್ತು ರೂಪಾಯಿ ಬೀಳುತ್ತೆ. ಆ ಫೀಸ್ಟನ್ನೇ ಇದಕ್ಕೆ ತಿರುಗಿಸ್ದೆ. ಎಪಿಎಂಸಿಯಿಂದ ನಲವತ್ತು ಕೆಜಿ ಕಾಯಿ, ಸುಮಾರು ಸಾವಿರದ ಒಂಬೈನೂರು. ಸುಲಿದ್ರೆ ಹದಿನೈದು ಕೆಜಿ ಕಾಳು, ಹಿತಕಿದ್ರೆ ಹತ್ತು ಹನ್ನೊಂದು. ತೆಂಗಿನಕಾಯಿ, ರಾಗಿಹಿಟ್ಟು, ಅಕ್ಕಿ, ಎಣ್ಣೆ ಎಲ್ಲ ಸೇರಿ ಏಳು ಸಾವಿರದೊಳಗೆ ನೂರಾ ಎಂಬತ್ತು ಜನಕ್ಕೆ ಸಾರು ಮುದ್ದೆ ಆಯ್ತು. ಶಾಲಿನ ಕಾರ್ಯಕ್ರಮದ ಮೂರನೇ ಒಂದು ಭಾಗ! ಮೊದಲ ದಿನ ಸಂಜೆ ಸುಲಿಯೋದು, ರಾತ್ರಿ ನೆನೆಸೋದು, ಮಾರನೇ ಸಂಜೆ ಹಿತಕೋದು, ಒಂದೇ ಖರ್ಚಲ್ಲಿ ಎರಡು ಸಂಜೆ.

ಮೆಸ್ ಭಟ್ರು ಮೊದಲು ಮುಖ ಗಂಟು ಹಾಕ್ಕೊಂಡ್ರು, ನನ್ನ ಅಡುಗೆಮನೆಗೆ ಯಾರ್ಯಾರೋ ಬಂದ್ರೆ ಹೆಂಗೆ ಅಂತ. ಯಾರ್ಯಾರೋ ಅನ್ನೋದರಲ್ಲಿ ಏನೇನಿದೆ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ನಾನು ವಾದ ಮಾಡ್ಲಿಲ್ಲ, ಟಬ್ಬುಗಳನ್ನ ಡೈನಿಂಗ್ ಹಾಲ್ ಮಧ್ಯ ಇಡಿಸ್ದೆ, ಒಂದೇ ಟಬ್ಬಿಗೆ ಎಲ್ರ ಕೈ. ಅದೇ ಕಾಳು ಅವರ ಪಾತ್ರೆಗೆ ಹೋಯ್ತು, ಅವರೇ ಒಗ್ಗರಣೆ ಹಾಕಿದ್ರು, ಅವರೂ ಉಂಡ್ರು.

ಟೀಚರ್ಸಿಗೆ ನನ್ನ ಕಂಡೀಷನ್ ಮೂರೇ. ಭಾಷಣ ಇಲ್ಲ, ಕುರ್ಚಿ ಇಲ್ಲ, ಬರೋವಾಗ ಮನೆಯವರನ್ನೋ ಮಕ್ಕಳನ್ನೋ ಕರ್ಕೊಂಡು ಬರಬೇಕು. ಮಕ್ಕಳು ಬಂದ್ರೆ ಅರ್ಧ ಕೆಲಸ ಆದಂಗೆ. ತುರಿ ಮಣೆ ಅಂದೆನಲ್ಲ, ಆ ಸರ್ ಕನ್ನಡಕಕ್ಕೆ ಮೊದಲ ದಿನವೇ ಒಂದು ಕಾಳು ಚಿಮ್ಮಿ ಬಡೀತು, ಹಾಲ್ ಪೂರ್ತಿ ಒಂದು ಕ್ಷಣ ಗಪ್‌ಚಿಪ್, ಅವರೇ ಮೊದಲು ನಕ್ಕಿದ್ದು. ಗುಂಪು ಮಾಡೋದು ಹೆಂಗೆ ಅಂತ ಎಲ್ರೂ ಕೇಳ್ತಾರೆ. ರೂಮ್ ನಂಬರ್ ಪ್ರಕಾರ ಅಲ್ಲ, ಜಿಲ್ಲೆ ಪ್ರಕಾರವೂ ಅಲ್ಲ, ಬೇರೆ ಲೆಕ್ಕ ಇದೆ, ಅದು ನನ್ನ ಹತ್ರನೇ ಇರ್ಲಿ. ಗೇಟ್ ಟೈಮ್ ಒಂಬತ್ತೂವರೆವರೆಗೆ ಹೆಂಗ್ ಎಳೆದೆ ಅನ್ನೋದನ್ನಂತೂ ಬರೆಯೋ ಹಾಗೇ ಇಲ್ಲ.

ಮಧ್ಯದಲ್ಲಿ ಇನ್ನೊಂದು ಹುಚ್ಚು ಹತ್ತಿತ್ತು. ಡೈನಿಂಗ್ ಹಾಲ್ ಗೋಡೆಗೆ ದೊಡ್ಡ ಬ್ರೌನ್ ಶೀಟ್ ಅಂಟಿಸಿ, ಹಿತಕುವಾಗ ಬಾಯಿಗೆ ಬಂದ ಪದ ಎಲ್ಲ ಬರೆಸಿದ್ದು. ಹಿತಕವರೆ, ಹಿದುಕಿದ ಬೇಳೆ, ಇದುಕ್‌ಬೇಳೆ. ಕಡ್ಲೆಕಾಯಿ, ಶೇಂಗಾ, ನೆಲಗಡಲೆ. ಪುರಿ, ಮಂಡಕ್ಕಿ, ಚುರುಮುರಿ. ಎರಡೇ ತಿಂಗಳಿಗೆ ಶೀಟ್ ತುಂಬ್ತು, ಕನ್ನಡ ಎಂಎ ಹುಡುಗಿ ಒಬ್ಳು ಅದನ್ನ ಸುತ್ಕೊಂಡು ಡಿಸರ್ಟೇಶನ್‌ಗೆ ಅಂತ ತಗೊಂಡು ಹೋದ್ಳು, ವಾಪಸ್ ಬರ್ಲಿಲ್ಲ. ಹುಣಸೆ ಬೀಜ ಒಂದು ಕಡೆ ಉಜ್ಜಿ ಬಿಳಿ ಮಾಡಿ, ಅದನ್ನೇ ದಾಳ ಮಾಡ್ಕೊಂಡು ಚೌಕಾಬಾರ ಟೂರ್ನಮೆಂಟ್ ಮಾಡ್ದೆ, ಅದೂ ಹಿಟ್, ಆದ್ರೆ ಆಟ ನಾಲ್ಕೇ ಜನಕ್ಕೆ, ಉಳಿದವರ ಕೈ ಖಾಲಿ, ಫೋನ್ ಹೊರಗೆ ಬಂತು. ರಂಗೋಲಿನೂ ಅಷ್ಟೇ, ಬರೋರು ಬರೀತಾರೆ, ಬರದೇ ಇರೋರು ಫೋಟೋ ತೆಗೀತಾರೆ.

ಚೆನ್ನಾಗಿ ಆಗಿದ್ದು ಎಳ್ಳಮಾವಾಸ್ಯೆ, ಉತ್ತರ ಕರ್ನಾಟಕದ ಕಡೆಯವರ ಹೊಲದ ಹಬ್ಬ. ಅದು ನನ್ನ ಐಡಿಯಾನೇ ಅಲ್ಲ, ಕಲಬುರಗಿ ಬೀದರ್ ಹುಡುಗೀರು ಊರಿಗೆ ಹೋಗೋಕಾಗಲ್ಲ, ಪರೀಕ್ಷೆ ಅಂತ ಮುಖ ಸಣ್ಣ ಮಾಡ್ಕೊಂಡು ಬಂದ್ರು. ಇಲ್ಲೇ ಮಾಡ್ರಮ್ಮ ಅಂದೆ. ಸಜ್ಜೆ ರೊಟ್ಟಿ ತಟ್ಟಿದ್ರು, ಕಾಳು ಸೊಪ್ಪು ಹುಣಸೆಹುಳಿ ಎಲ್ಲ ಹಾಕಿ ಭಜ್ಜಿ ಮಾಡಿದ್ರು. ಚರಗ ಚೆಲ್ಲೋಕೆ, ಅಂದ್ರೆ ನೈವೇದ್ಯದ ಅಡುಗೆನ ಪೈರಿಗೆ ಎರಚೋಕೆ, ಹೊಲ ಬೇಕಲ್ಲ, ಹಾಸ್ಟೆಲ್ ಹಿಂದೆ ಮಾಲಿ ಹಾಕಿದ್ದ ಮೂರು ಸಾಲು ಮೆಣಸಿನ ಗಿಡಾನೇ ಹೊಲ. ನಮ್ಮ ಹಳೇ ಮೈಸೂರು ಕಡೆಯವರಿಗೆ ಸಜ್ಜೆ ಹಿಟ್ಟು ತಟ್ಟೋಕೆ ಬರದೆ ಕೈಯಲ್ಲೇ ಹರಿದು ಹೋಗ್ತಿತ್ತು, ನಂದೂ ನಾಲ್ಕು ಹರೀತು, ವಿಜಯಪುರದವಳು ಅವರೆಕಾಳಿನ ಸೇಡು ಅವತ್ತು ತೀರಿಸ್ಕೊಂಡ್ಳು.

ಕಷ್ಟ ಇರೋದು ಜುಲೈಯಿಂದ ಅಕ್ಟೋಬರ್. ಹೊಸಬರು ಬರೋದೇ ಆಗ, ಅವರೆ ಇಲ್ಲ. ಶೇಂಗಾ ಸುಲಿಸಿ ನೋಡ್ದೆ, ಕೈ ಒಣಗಿರುತ್ತೆ, ಮಧ್ಯೆ ಮಧ್ಯೆ ರೀಲ್ಸ್ ನೋಡ್ತಾರೆ, ಸುಲಿದಿದ್ದರಲ್ಲಿ ಅರ್ಧ ಬಾಯಿಗೆ ಹೋಗುತ್ತೆ. ಕಡುಬಿಗೆ ಹಿಟ್ಟು ನಾದಿಸಿದ್ದು ಪರ್ವಾಗಿಲ್ಲ, ಆದ್ರೆ ಇಪ್ಪತ್ತೇ ನಿಮಿಷಕ್ಕೆ ಮುಗಿಯುತ್ತೆ. ಹಲಸಿನಹಣ್ಣು ಬಿಡಿಸೋದು ಮಾಡ್ಬಹುದು, ಮೇಣ ಕೈಗೆ ಹತ್ತಿದ್ರೆ ಫೋನಿನ ಮಾತೇ ಇಲ್ಲ, ಬರೋ ವರ್ಷ ಜುಲೈ ಮೊದಲ ವಾರದಲ್ಲೇ ಒಂದು ಕೈ ನೋಡೋಣ ಅಂತಿದೀನಿ.

ಮಾಡೋರಿದ್ರೆ ಒಂದು ಮಾತು, ಅವರೆ ಸಿಪ್ಪೆ ತೊಳೆದ ನೀರನ್ನ ವಾಶ್ ಬೇಸಿನ್‌ಗೆ ಸುರಿಸ್ಬೇಡಿ. ನಮ್ಮಲ್ಲಿ ಮೊದಲ ಸಲ ಗ್ರೌಂಡ್ ಫ್ಲೋರ್ ಪೈಪು ಪೂರ್ತಿ ಬ್ಲಾಕ್ ಆಗಿ ಪ್ಲಂಬರ್‌ಗೆ ಆರುನೂರು ಕೊಟ್ಟೆ, ಅದಕ್ಕೂ ಬಿಲ್ ಇಲ್ಲ ಅಂತ ಆಫೀಸಲ್ಲಿ ತಗೊಳ್ಳಲಿಲ್ಲ.