ಆರು ವಾರಕ್ಕೇ ಹುಂಜ ಯಾವುದು, ಹೇಟೆ ಯಾವುದು: ಬ್ಯಾಂಟಮ್ ಮರಿಗಳ ಜೊತೆ ನನ್ನ ಅನುಭವ

ಕಳೆದ ಮೂರು ಬ್ಯಾಚಿನಲ್ಲಿ ಸುಮಾರು 70 ಬ್ಯಾಂಟಮ್ (ಪುಟ್ಟ ಗಾತ್ರದ ಕೋಳಿ) ಮರಿಗಳಿಗೆ ಆರನೇ ವಾರದಲ್ಲೇ ಹುಂಜ, ಹೇಟೆ ಅಂತ ಗುರುತು ಹಾಕಿದೆ. ತಪ್ಪಿದ್ದು ಏಳೋ ಎಂಟೋ. "ಬ್ಯಾಂಟಮ್ ಅಂದ್ರೆ ಕೂಗೋ ತನಕ ಹೇಳಕ್ಕಾಗಲ್ಲ ಬಿಡಣ್ಣ" ಅಂದಿದ್ದವರೇ ಈಗ ತಮ್ಮ ಮರಿಗಳ ಫೋಟೊ ಕಳಿಸಿ ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮರಿಗೆ ಕಾವು ಕೊಡುವ ಬ್ರೂಡರ್, ರಾಣಿಖೇತ್ ರೋಗದ ಲಸೋಟ ಲಸಿಕೆ, ಮರಿಗಳ ಸ್ಟಾರ್ಟರ್ ಫೀಡು ಎಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮುಟ್ಟಲ್ಲ.

ನಮ್ಮದು ದೊಡ್ಡಬಳ್ಳಾಪುರದ ಕಡೆ ತೋಟ. ಸಾಕಿರುವುದು ಕೊಚಿನ್ ಬ್ಯಾಂಟಮ್, ಗಿಡ್ಡ ಕಾಲಿನ ಜಪಾನೀಸ್, ಸೆಬ್ರೈಟ್, ಕಪ್ಪು ಚರ್ಮದ ಸಿಲ್ಕಿ. ಸಿಲ್ಕಿ ಮೇಲಿನ ಲೆಕ್ಕದಲ್ಲಿಲ್ಲ, ಅದರ ಕತೆಯೇ ಬೇರೆ.

ಮೊದಲ ಎರಡು ವರ್ಷ ದುಡ್ಡು ಹೋಗಿದ್ದೆಲ್ಲ ಇದೇ ವಿಷಯಕ್ಕೆ. ತಿಂಗಳ ಮರಿಯನ್ನು ಗಂಡು ಹೆಣ್ಣು ಹೇಳದೆ ಕೊಟ್ಟರೆ ನಮ್ಮ ಕಡೆ 250 ರೂಪಾಯಿ ಸಿಗುತ್ತಿತ್ತು. ಎರಡು ತಿಂಗಳು ಸಾಕಿ ಜೋಡಿ ಅಂತ ಕೊಟ್ಟರೆ 1200ರಿಂದ 1500. ಆ ಆಸೆಗೆ ಬಿದ್ದು ಮೈಸೂರಿನ ಒಬ್ಬರಿಗೆ ನಾಲ್ಕು ಸಿಲ್ಕಿ ಹೇಟೆ ಅಂತ ಕೊಟ್ಟೆ. ಮೂರು ತಿಂಗಳಾದ ಮೇಲೆ ಫೋನ್ ಬಂತು. ನಾಲ್ಕರಲ್ಲಿ ಮೂರು ಕೂಗುತ್ತಿವೆ! ವಾಪಸ್ ತಂದೆ, ದುಡ್ಡು ಕೊಟ್ಟೆ, ಹೋಗಿ ಬಂದ ಖರ್ಚು ಬೇರೆ. ಹೆಚ್ಚಾದ ಹುಂಜಕ್ಕೆ ಬೆಲೆಯೇ ಇಲ್ಲ, ಅದು ನಿಮಗೂ ಗೊತ್ತಲ್ವಾ? ಹೇಟೆ ಅಂದುಕೊಂಡು ಆರು ತಿಂಗಳು ಫೀಡು ಹಾಕಿ, ಕೊನೆಗೆ 300 ರೂಪಾಯಿಗೆ ಕೊಡಬೇಕು.

ಗಂಡು ಹೆಣ್ಣು ತಿಳಿಯಲು ಮರಿಯ ಹಿಂದಿನ ಭಾಗ ಒತ್ತಿ ನೋಡುವುದನ್ನೂ ಮಾಡಿದೆ. ಜಪಾನಿನವರು ಅದನ್ನು ಸುಮಾರು ನೂರು ವರ್ಷದ ಹಿಂದೆಯೇ ಒಂದು ಕಸುಬನ್ನಾಗಿ ಮಾಡಿದವರು. ಹ್ಯಾಚರಿಯಲ್ಲಿ ದಿನಕ್ಕೆ ಸಾವಿರಾರು ಮರಿ ನೋಡುವ ಕೈಗೆ ಅದು ಸಲೀಸು. ನಮ್ಮ ಬ್ಯಾಂಟಮ್ ಮರಿ ಹೆಬ್ಬೆರಳಷ್ಟು ಇರುತ್ತೆ. ಮೂರು ಮರಿ ನನ್ನ ಕೈಯಲ್ಲೇ ಸತ್ತವು. ಅವತ್ತೇ ಬಿಟ್ಟೆ, ನಿಮಗೂ ಬೇಡ ಅಂತಲೇ ಹೇಳುತ್ತೇನೆ.

ಆಮೇಲೆ ರೆಕ್ಕೆ ಬಿಡಿಸಿ ಗರಿ ನೋಡುವುದು. ಒಂದು ಸಾಲು ಉದ್ದ, ಒಂದು ಸಾಲು ಗಿಡ್ಡ ಇದ್ದರೆ ಹೆಣ್ಣು ಅಂತಾರೆ. ಇದು ಸುಳ್ಳಲ್ಲ, ಆದರೆ ಎಲ್ಲ ಕೋಳಿಗೂ ನಡೆಯಲ್ಲ. ಬೇಗ ಗರಿ ಬರುವ ಜಾತಿಯ ಹುಂಜ, ನಿಧಾನವಾಗಿ ಗರಿ ಬರುವ ಜಾತಿಯ ಹೇಟೆ, ಹೀಗೆ ಜೋಡಿ ಕಟ್ಟಿದ್ದರೆ ಮಾತ್ರ ಮರಿಯ ರೆಕ್ಕೆ ಸತ್ಯ ಹೇಳುತ್ತೆ. ನಾನು ಇದನ್ನು ತಿಳಿಯದೆ ಒಂದು ಇಡೀ ಬ್ಯಾಚನ್ನು ರೆಕ್ಕೆ ನೋಡಿ ಬೇರೆ ಮಾಡಿದ್ದೆ. ಕಣ್ಣು ಮುಚ್ಚಿ ಬೇರೆ ಮಾಡಿದ್ದರೂ ಅಷ್ಟೇ ಸರಿ ಬರುತ್ತಿತ್ತು.

ಮೊಟ್ಟೆ ಚೂಪಾಗಿದ್ದರೆ ಹುಂಜ, ಗುಂಡಗಿದ್ದರೆ ಹೇಟೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಸುಮ್ನೆ ತಳ್ಳಿಹಾಕಬಾರದು ಅಂತ 40 ಮೊಟ್ಟೆಗೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಚೂಪಾದವು ಒಂದು ಕಡೆ, ಗುಂಡನೆಯವು ಒಂದು ಕಡೆ ಕಾವಿಗೆ ಇಟ್ಟೆ. ಎರಡೂ ಕಡೆ ಹೆಚ್ಚುಕಮ್ಮಿ ಅರ್ಧ ಅರ್ಧ ಬಂತು. ಅದು ಅಲ್ಲಿಗೆ ಮುಗಿಯಿತು.

ಕೊನೆಗೆ ಕೈ ಹಿಡಿದಿದ್ದು ಒಂದು ಸಣ್ಣ ಬದಲಾವಣೆ. ಒಂದು ಮರಿಯನ್ನು ಒಂಟಿಯಾಗಿ ನೋಡುವುದನ್ನೇ ನಿಲ್ಲಿಸಿದೆ. ಒಂದೇ ಗೂಡಿನ, ಒಂದೇ ದಿನ ಒಡೆದ ಮರಿಗಳನ್ನು ಮಾತ್ರ ಒಂದರ ಪಕ್ಕ ಒಂದು ಇಟ್ಟು ನೋಡಲು ಶುರು ಮಾಡಿದೆ. ಜುಟ್ಟು ಕೆಂಪಾಗಿದೆಯಾ ಅಂತ ಕೇಳಿದರೆ ಉತ್ತರ ಸಿಗಲ್ಲ. ಜೊತೆಯದಕ್ಕಿಂತ ಕೆಂಪಾ ಅಂತ ಕೇಳಬೇಕು. ಇದಕ್ಕೆ ಮೊದಲ ದಿನವೇ ಕಾಲಿಗೆ ಬಣ್ಣದ ರಿಂಗ್ ಹಾಕಬೇಕು, ಒಂದೊಂದು ಗೂಡಿಗೆ ಒಂದೊಂದು ಬಣ್ಣ. ಜೊತೆಗೆ ಪಕ್ಕದ ಬೆರಳ ಉಗುರಿಗೆ ನೇಲ್ ಪಾಲಿಶ್ ಹಚ್ಚಿ ಮರಿ ಮರಿಗೂ ಗುರುತು. ಪ್ರತಿ ಭಾನುವಾರ ಬೆಳಗ್ಗೆ ಒಂದೇ ಜಾಗದಲ್ಲಿ, ಒಂದೇ ಬಿಳಿ ಹಲಗೆಯ ಮೇಲೆ ನಿಲ್ಲಿಸಿ ಮೇಲಿಂದ ಒಂದು, ಪಕ್ಕದಿಂದ ಒಂದು ಫೋಟೊ. ರಿಂಗ್ ಅನ್ನು ವಾರಕ್ಕೊಮ್ಮೆ ನೋಡದಿದ್ದರೆ ಕಾಲು ದಪ್ಪ ಆಗಿ ಕೊರೆಯುತ್ತೆ, ಒಂದು ಮರಿ ನನಗೆ ಹಾಗೆ ಕುಂಟಾಯಿತು.

ಕೊಚಿನ್‌ನಲ್ಲಿ ಮೂರನೇ ವಾರವೇ ಅರ್ಧ ವಿಷಯ ಗೊತ್ತಾಗುತ್ತೆ. ಹೇಟೆ ಮರಿಗೆ ಬೆನ್ನು, ಭುಜ ಬೇಗ ಮುಚ್ಚುತ್ತೆ, ಪುಟ್ಟ ಬಾಲವೂ ಬರುತ್ತೆ. ಹುಂಜಮರಿ ಬೆನ್ನ ಮೇಲೆ ಬೋಳಾಗಿ, ಬಾಲವಿಲ್ಲದೆ, ಬಡಕಲಾಗಿ ಕಾಣುತ್ತೆ. ನಾನು ಮೊದಲು ಇಂಥವನ್ನು ಕಾಯಿಲೆ ಮರಿ ಅಂದುಕೊಂಡು ವಿಟಮಿನ್ ಹಾಕಿದ್ದೇನೆ! ಐದನೇ ವಾರದಿಂದ ಜುಟ್ಟು ಅಗಲ ಆಗಿ ನಸುಗೆಂಪು ತಿರುಗಿದರೆ, ಕಾಲಿನ ನಳಿ ಜೊತೆಯದಕ್ಕಿಂತ ದಪ್ಪ ಇದ್ದರೆ, ಅದು ಹುಂಜ. ಮೂರನೇ ವಾರದ್ದೂ ಆರನೇ ವಾರದ್ದೂ ಒಂದೇ ಮಾತು ಹೇಳಿದರೆ ಮಾತ್ರ ನಾನು ಗುರುತು ಹಾಕುತ್ತೇನೆ. ಬೇರೆ ಬೇರೆ ಹೇಳಿದರೆ ಆ ಮರಿ ಮಾರಾಟಕ್ಕಿಲ್ಲ, ಹನ್ನೆರಡನೇ ವಾರದ ತನಕ ಕಾಯುತ್ತೇನೆ. ಆಗ ಬಾಲದ ಬುಡದಲ್ಲಿ ಚೂಪು ಗರಿ ಬಂದರೆ ಹುಂಜ, ಅನುಮಾನವೇ ಇಲ್ಲ.

ಸೆಬ್ರೈಟ್‌ಗೆ ಮಾತ್ರ ಈ ಚೂಪು ಗರಿಯ ಲೆಕ್ಕ ಇಲ್ಲ. ನನಗೆ ಅತಿ ದೊಡ್ಡ ಪೆಟ್ಟು ಕೊಟ್ಟಿದ್ದು ಅದೇ. ಈ ತಳಿಯ ಹುಂಜಕ್ಕೂ ಹೇಟೆಯ ಥರದ್ದೇ ಗುಂಡು ಗರಿ. ಬಾಲದಲ್ಲಿ ಕುಡುಗೋಲಿನಂಥ ಗರಿ ಬರಲ್ಲ, ಕತ್ತಿನಲ್ಲೂ ಚೂಪಿಲ್ಲ. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಜಾನ್ ಸೆಬ್ರೈಟ್ ಬೇಕಂತಲೇ ಹೀಗೆ ತಳಿ ಕಟ್ಟಿದರು. ಐದು ತಿಂಗಳಾದರೂ ಚೂಪು ಗರಿ ಬರಲಿಲ್ಲ ಅಂತ ಐದನ್ನು ಹೇಟೆ ಅಂತಲೇ ಮಾರಿದೆ. ಎರಡು ಹುಂಜ ಆದವು. ಒಂದೊಂದಕ್ಕೆ 3000ದ ಹತ್ತಿರ ತಗೊಂಡಿದ್ದೆ, ಅಷ್ಟೂ ವಾಪಸ್ ಕೊಟ್ಟೆ. ಈಗ ಸೆಬ್ರೈಟ್‌ನಲ್ಲಿ ಗರಿ ನೋಡುವುದೇ ಇಲ್ಲ. ಜುಟ್ಟಿನ ಅಗಲ, ಗಂಟಲ ಕೆಳಗಿನ ಕೆಂಪು ಜೋಲು, ನಿಲ್ಲುವ ಠೀವಿ ಇಷ್ಟೇ.

ತಳಿ ಗುರುತಿಸುವುದಕ್ಕೆ ಬಂದರೆ, ಬಣ್ಣ ನಂಬಬೇಡಿ. ಮರಿಯ ತುಪ್ಪಳದ ಬಣ್ಣ ಬದಲಾಗುತ್ತೆ, ಸೆಬ್ರೈಟ್ ಮರಿಯಲ್ಲಿ ಗರಿಯ ಅಂಚಿನ ಕಪ್ಪು ಗೆರೆ ಶುರುವಿಗೆ ಕಾಣೋದೇ ಇಲ್ಲ. ಬೆರಳು, ಜುಟ್ಟು, ಕಾಲು ಮೋಸ ಮಾಡಲ್ಲ. ಕೊಚಿನ್ ಮರಿಯ ಕಾಲಿನ ತುಪ್ಪಳ ನಡುಬೆರಳಿನ ತನಕ ಇರಬೇಕು. ಹೊರಗಿನ ಬೆರಳಲ್ಲಿ ಮಾತ್ರ ನಾಲ್ಕು ಎಳೆ ಇದ್ದರೆ ಅದು ಬೆರಕೆ. ಹಾಗಿದ್ದ 20 ಮರಿಗಳನ್ನು ಶುದ್ಧ ಕೊಚಿನ್ ಅಂತ ನಂಬಿ ತಂದು ಕೈಸುಟ್ಟುಕೊಂಡಿದ್ದೇನೆ. ಬ್ರಹ್ಮ ಬ್ಯಾಂಟಮ್‌ಗೂ ಕಾಲಲ್ಲಿ ಗರಿ ಇರುತ್ತೆ, ಆದರೆ ಜುಟ್ಟು ಮೂರು ಸಾಲಿನದು, ಕೊಚಿನ್‌ದು ಒಂದೇ ಸಾಲು. ಸಿಲ್ಕಿಗೆ ಐದು ಬೆರಳು. ಕರಿ ಕೋಳಿ ಕಡಕ್‌ನಾಥ್ ಅಂತ ಹೇಳಿ ಸಿಲ್ಕಿ ಬೆರಕೆ ಕೊಡುವವರೂ ಇದ್ದಾರೆ. ಮಧ್ಯಪ್ರದೇಶದ ಝಾಬುವಾದ ಆ ಕೋಳಿಗೆ 2018ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಅದಕ್ಕೆ ನಾಲ್ಕೇ ಬೆರಳು. ಎಣಿಸಿ ನೋಡಿ ದುಡ್ಡು ಕೊಡಿ.

ಜಪಾನೀಸ್‌ನಲ್ಲಿ ಇನ್ನೊಂದು ನಷ್ಟ ಆಯಿತು. 30 ಮೊಟ್ಟೆ ಇಟ್ಟರೆ 13 ಮರಿ ಬರುತ್ತಿತ್ತು. ಇನ್‌ಕ್ಯುಬೇಟರ್ ಕೆಟ್ಟಿದೆ ಅಂತ 1800 ಕೊಟ್ಟು ಥರ್ಮೋಸ್ಟಾಟ್ ಬದಲಿಸಿದೆ. ತಪ್ಪು ಅದರದ್ದಲ್ಲ. ಗಿಡ್ಡ ಕಾಲಿಗೆ ಗಿಡ್ಡ ಕಾಲು ಜೋಡಿ ಹಾಕಿದರೆ ನಾಲ್ಕಕ್ಕೆ ಒಂದು ಮರಿ ಮೊಟ್ಟೆಯಲ್ಲೇ ಸಾಯುತ್ತೆ. ಬದುಕಿದವುಗಳಲ್ಲೂ ಮೂರಕ್ಕೆ ಒಂದು ಉದ್ದ ಕಾಲಿನದು. ಆ ಉದ್ದ ಕಾಲಿನದನ್ನು ಬೆರಕೆ ಅಂತ ಗಿರಾಕಿಗಳು ಜಗಳಕ್ಕೆ ಬರುತ್ತಾರೆ, ಆದರೆ ಅದೂ ಶುದ್ಧ ತಳಿಯೇ. ಈಗ ನಾನು ಉದ್ದ ಕಾಲಿನ ಹುಂಜವನ್ನೇ ಗಿಡ್ಡ ಹೇಟೆಗಳ ಜೊತೆ ಬಿಡುತ್ತೇನೆ. ಅರ್ಧ ಗಿಡ್ಡ, ಅರ್ಧ ಉದ್ದ ಬರುತ್ತೆ. ಅದೇ ಯಂತ್ರದಲ್ಲಿ 30ಕ್ಕೆ 20 ದಾಟಿದೆ.

ಸಿಲ್ಕಿಯ ವಿಷಯ. ನಾಲ್ಕೈದು ತಿಂಗಳಾದ ಮೇಲೆ ಎಲ್ಲರೂ ಹೇಳುತ್ತಾರೆ. ಹೇಟೆಯ ತಲೆಗರಿ ಚೆಂಡಿನ ಹಾಗೆ, ಹುಂಜದ್ದು ಹಿಂದಕ್ಕೆ ಎಳೆ ಎಳೆಯಾಗಿ. ನಾನು ಹತ್ತು ವಾರಕ್ಕೆ ಹೇಳುತ್ತೇನೆ, ಹತ್ತಕ್ಕೆ ಏಳೆಂಟು ಸರಿ ಇರುತ್ತೆ. ಹೇಗೆ ಅನ್ನುವುದನ್ನು ಈಗ ಬರೆಯಲ್ಲ. ಫೋಟೊಗಳನ್ನು ಹಲಗೆಯ ಮೇಲೆ ತೆಗೆಯಿರಿ ಅಂದೆನಲ್ಲ, ಅದರಲ್ಲಿ ಮೇಲಿಂದ ತೆಗೆದದ್ದನ್ನು ಸರಿಯಾಗಿ ನೋಡಿದವರಿಗೆ ಕಾಣುತ್ತೆ. ಇದರಿಂದಲೇ ನನ್ನ ಸಂಸಾರಕ್ಕೆ ನಾಲ್ಕು ಕಾಸು ಬರೋದು.

ಬದಲಿಗೆ ಇನ್ನೊಂದು ಹೇಳುತ್ತೇನೆ. ಕಾವಿಗೆ ಕೂರುವ ಕೋಳಿ ಬೇಕು ಅಂತ ಹಳದಿ ಕಾಲಿನ ನಾಟಿ ಹೇಟೆಗೆ ಸಿಲ್ಕಿ ಹುಂಜ ಬಿಟ್ಟಿದ್ದೆ. 14 ಮರಿ ಬಂತು. ಆರರ ಚರ್ಮ, ಕಾಲು ಕಪ್ಪು, ಎಂಟರದ್ದು ತಿಳಿ. ಬೆಳೆದಾಗ ನೋಡಿದರೆ ಕಪ್ಪಗಿದ್ದ ಆರೂ ಹೇಟೆ, ತಿಳಿ ಇದ್ದವೆಲ್ಲ ಹುಂಜ. ಇದು ಅದೃಷ್ಟ ಅಲ್ಲ. ಕಪ್ಪನ್ನು ತಡೆಯುವ ಗುಣ ಹೇಟೆಯಿಂದ ಗಂಡುಮರಿಗೆ ಮಾತ್ರ ಹೋಗುತ್ತೆ. ಹುಂಜ ನಾಟಿ, ಹೇಟೆ ಸಿಲ್ಕಿ ಮಾಡಿದರೆ ನಡೆಯಲ್ಲ, ಅದನ್ನೂ ಮಾಡಿ ನೋಡಿದೆ.

ಇದೇ ಜಾಡಿನಲ್ಲಿ ಈ ಸಲ ಕರಿ ಕೊಚಿನ್ ಹುಂಜಕ್ಕೆ ಬೂದು ಪಟ್ಟೆಯ ಕೊಚಿನ್ ಹೇಟೆಗಳನ್ನು ಬಿಟ್ಟಿದ್ದೇನೆ. ನೆತ್ತಿಯ ಮೇಲೆ ಬಿಳಿ ಚುಕ್ಕೆ ಇದ್ದ ಮರಿ ಹುಂಜ, ಕರಿ ನೆತ್ತಿಯದು ಹೇಟೆ ಆಗಬೇಕು, ಅದೂ ಒಡೆದ ದಿನವೇ. ಮೊದಲ 11 ಮರಿಗಳಲ್ಲಿ ಐದಕ್ಕೆ ಚುಕ್ಕೆ ಇದೆ. ಈಗ ನಾಲ್ಕನೇ ವಾರ. ಚುಕ್ಕೆ ಇರುವ ಐದೂ ಬೆನ್ನ ಮೇಲೆ ಬೋಳಾಗಿಯೇ ಇವೆ.